ಹುಡುಕಣ್ಣ
ಹುಡುಕಣ್ಣ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಡುಕಣ್ಣ ಎಂಬುದು ಆಫೀಸಿನವರು ಇಟ್ಟ ಹೆಸರು. ಲಿನಕ್ಸ್‌ನಲ್ಲಿ ಕಟ್ಟಿದ ಪ್ರೋಗ್ರಾಂ, ತಾನು ಓಡಲು ಬೇಕಾದ ಇನ್ನೊಂದು ಕಡತ ಕಾಣದೆ, "ಲೈಬ್ರರಿ ಸಿಗುತ್ತಿಲ್ಲ" ಎಂದು ಹಟ ಹಿಡಿದಾಗಲೆಲ್ಲ ಪಕ್ಕದ ಮೇಜಿನ ಗೆಳೆಯ ಅವರನ್ನೇ ಕರೆಯುತ್ತಿದ್ದ. ಬಂದವರು ಕೀಲಿಮಣೆ ಮುಟ್ಟದೆ, "ಎಲ್ಲೆಲ್ಲಿ ಹುಡುಕ್ತು ಅಂತ ಕೇಳಿದ್ಯಾ?" ಎನ್ನುತ್ತಿದ್ದರು. ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಹೊರಟರೆ ಅವರಿಗೆ ಮೈ ಉರಿಯುತ್ತಿತ್ತು: "ಕನ್ನಡಕ ಹಣೆ ಮೇಲಿದೆ, ನೀನು ಅಂಗಡಿಗೆ ಹೊರಟಿದೀಯ!" ಹೋಟೆಲಿನಲ್ಲಿ ಉಪ್ಪಿಲ್ಲವೆಂದ ಮಾಣಿಗೂ "ಎಲ್ಲೆಲ್ಲಿ ಹುಡುಕ್ದೆ?" ಎಂಬ ಪ್ರಶ್ನೆ ಬೀಳುತ್ತಿತ್ತು. ಕಣ್ಣು ಮಂಜಾದ ಹೆಂಡತಿಗೆ ಪತ್ರಿಕೆ ಓದಿ ಹೇಳುವ ಪ್ರೋಗ್ರಾಂ ಒಂದನ್ನು ಅವರೇ ಕಟ್ಟಿದ್ದರು. ಆದರೆ ಅದರ ಲೈಬ್ರರಿ ಎಲ್ಲಿದೆಯೆಂಬುದನ್ನು ಅವಸರದಲ್ಲಿ ತಮ್ಮ ಲಾಗಿನ್‌ಗೆ ಮಾತ್ರ ತಿಳಿಸಿಟ್ಟಿದ್ದರು. ಅವರು ಆಸ್ಪತ್ರೆ ಸೇರಿದ ಮೇಲೆ, ಹೆಂಡತಿಯ ಲಾಗಿನ್‌ನಲ್ಲಿ ಅದು ಬಾಯಿಯೇ ಬಿಡಲಿಲ್ಲ. ಸೋಮವಾರ ಸಂಜೆ ಆಸ್ಪತ್ರೆಯಿಂದಲೇ ಗೆಳೆಯನನ್ನು ಮನೆಗೆ ಕಳಿಸಿ, ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ, ಆ ಜಾಗವನ್ನು ಇಡೀ ಯಂತ್ರಕ್ಕೆ ತಿಳಿಸುವಂತೆ ಮಾಡಿದರು. "ಓಡ್ತಿದೆ ಅಣ್ಣ," ಎಂದ ಗೆಳೆಯ. "ಯಾರ ಲಾಗಿನ್‌ನಲ್ಲಿ?" "ನಿಮ್ಮದ್ರಲ್ಲೇ." "ನಾನೇನು ಅಲ್ಲಿದೀನೇನೋ? ನಿಮ್ಮ ಅತ್ತಿಗೇದ್ರಲ್ಲಿ ಓಡ್ಸು." ಓಡಿಸಿದ. ಮೊದಲ ಸುದ್ದಿ ಮುಗಿಯುವವರೆಗೂ ಅವರು ಫೋನಿನಲ್ಲೇ ಕೇಳಿಸಿಕೊಂಡರು. ಆಮೇಲೆ, "ವೇಗ ಸ್ವಲ್ಪ ಕಮ್ಮಿ ಮಾಡು, ಅವಳಿಗೆ ಅಷ್ಟು ಬೇಗ ಅರ್ಥ ಆಗಲ್ಲ," ಎಂದು ಹೇಳಿ, ಅವನು ಕಮ್ಮಿ ಮಾಡುವವರೆಗೂ ಫೋನ್ ಇಡಲಿಲ್ಲ.