ಬಾಲ್ಕನಿಯಲ್ಲಿ ನಿಂತ ಪ್ಯಾಂಟು

ಒಂದು ವರ್ಷ ಓದಲು ಫಿನ್‌ಲ್ಯಾಂಡಿಗೆ ಬಂದ ನನಗೆ ಚಳಿಗಾಲದಲ್ಲಿ ಬಟ್ಟೆ ಹೊರಗೆ ಒಣಹಾಕಬಾರದೆಂದು ಯಾರೂ ಹೇಳಿರಲಿಲ್ಲ. ನಮ್ಮೂರು ರಾಯದುರ್ಗದಲ್ಲಿ ಎಂಥ ದಪ್ಪ ಜೀನ್ಸೂ ಮಧ್ಯಾಹ್ನದೊಳಗೆ ಒಣಗುತ್ತದೆ. ಅದೇ ಅಭ್ಯಾಸದಲ್ಲಿ, ತೀರಿಕೊಂಡ ಅಪ್ಪನ ಪ್ಯಾಂಟನ್ನು ಹಾಸ್ಟೆಲ್ ಬಾಲ್ಕನಿಯ ತಂತಿಗೆ ಹಾಕಿ ಕ್ಲಾಸಿಗೆ ಹೋದೆ. ಬಂದು ನೋಡಿದರೆ ಹಲಗೆಯಂತೆ ಹೆಪ್ಪುಗಟ್ಟಿತ್ತು. ತೆಗೆದು ನೆಲಕ್ಕಿಟ್ಟೆ, ತಾನಾಗಿ ನಿಂತಿತು. ಬಲ ಮೊಣಕಾಲು ತುಸು ಮುಂದೆ. ಜೀನ್ಸ್ ಹೊಲಿದು ಹೊಲಿದು ಅಪ್ಪ ನಿಲ್ಲುತ್ತಿದ್ದದ್ದು ಹೀಗೆಯೇ.

ನಗಿಸೋಣವೆಂದು ಅವ್ವನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವ್ವ ನಗಲಿಲ್ಲ. ಸೆರಗು ಸರಿಮಾಡಿಕೊಂಡಳು.

“ಎಷ್ಟೊತ್ತಾತು ಹಿಂಗ ನಿಂತು?”

“ಅವ್ವಾ, ಅದು ಪ್ಯಾಂಟು.”

“ಹೊರಗ ಯಾಕ ನಿಂದ್ರಿಸೀದಿ? ಒಳಗ ಕರಿ.”

ಕರೆಯಲಿಲ್ಲ, ಎತ್ತಿಕೊಂಡು ಬಂದೆ. ಹೀಟರಿನ ಮುಂದೆ ನಿಲ್ಲಿಸಿ ಅವ್ವನಿಗೆ ಕಾಣುವಂತೆ ಫೋನು ಹಿಡಿದೆ. ಮೊದಲು ಬಲ ಮೊಣಕಾಲು ಮಡಿಯಿತು, ಹೊಲಿಗೆ ಮಷಿನ್ನಿನ ಪೆಡಲ್ ಹುಡುಕುವಂತೆ. ಆಮೇಲೆ ಸೊಂಟ ಮೆಲ್ಲಗೆ ಇಳಿಯತೊಡಗಿತು. ಬಿದ್ದೀತೆಂದು ಹಿಡಿಯಲು ಕೈ ಚಾಚಿದೆ, ಫೋನು ಗೋಡೆಯ ಕಡೆ ತಿರುಗಿಬಿಟ್ಟಿತು.

“ಕುಂತ್ರೇನು?” ಎಂದಳು ಅವ್ವ.