ಮಗಳ ಹೊಟ್ಟೆ ತೆರೆಯಲು ನಾನು ಒಪ್ಪಿದ್ದು

ಹೊಟ್ಟೆನೋವು ಅಂತ ಸುಮಾ ಮೊದಲ ಸಲ ಹೇಳಿದ್ದು ಸ್ಕೂಲಿಗೆ ಹೊರಡುವ ಹೊತ್ತಿನಲ್ಲಿ. ಹಾಗಾಗಿ ನಾನು ಅಷ್ಟಾಗಿ ನಂಬಲಿಲ್ಲ.

ಹೆಂಡತಿ ಗಿರಿಜಾ ಎರಡನೇ ಹೆರಿಗೆಗೆಂದು ಕುಂಸಿಯ ತವರಿಗೆ ಹೋಗಿದ್ದಳು. ಗಂಡುಮಗು ಹುಟ್ಟಿತ್ತು, ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನಾನು ಮತ್ತು ಹತ್ತು ವರ್ಷದ ಸುಮಾ ಇಬ್ಬರೇ. ನನಗೆ ಬೆಳಗಿನ ಶಿಫ್ಟ್ ಇದ್ದಾಗ ಅವಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸುತ್ತಿದ್ದವರು ಪಕ್ಕದ ಮನೆಯ ಸೆಲ್ವಿ. ಅವರ ಗಂಡನೂ ನಾನೂ ಕಾರ್ಖಾನೆಯ ಒಂದೇ ಸೆಕ್ಷನ್ನಿನಲ್ಲಿ ಫಿಟರ್‌ಗಳು.

ನೋವು ಬರುತ್ತಿತ್ತು, ಹೋಗುತ್ತಿತ್ತು. ಜಂತುಹುಳದ ಮಾತ್ರೆ ಕೊಟ್ಟೆ. ಓಮದ ನೀರು ಕುಡಿಸಿದೆ. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದಾಗ ಬಚ್ಚಲ ಬಾಗಿಲಲ್ಲಿ ಹೊಟ್ಟೆ ಹಿಡಿದು ಕುಸಿದು ಕೂತಿದ್ದಳು. ವಾಂತಿ ಆಗಿತ್ತು. ಎಬ್ಬಿಸಿ ನಿಲ್ಲಿಸಲು ಹೋದರೆ ಬೆನ್ನು ನೆಟ್ಟಗಾಗಲಿಲ್ಲ. ನಮ್ಮೂರಿನ ಡಾಕ್ಟರು ಹೊಟ್ಟೆಯ ಬಲಗಡೆ ಒತ್ತಿ ನೋಡಿ, "ಅಪೆಂಡಿಕ್ಸ್ ಇರಬೇಕು. ತಡ ಮಾಡ್ಬೇಡಿ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಅಂದರು.

ಅಪೆಂಡಿಕ್ಸ್ ಆಗಿರಲಿಲ್ಲ.

ಶಿವಮೊಗ್ಗದ ನರ್ಸಿಂಗ್ ಹೋಮಿನ ಸ್ಕ್ಯಾನಿಂಗಿನಲ್ಲಿ ಕಂಡದ್ದು ಬಲಗಡೆಯ ಓವರಿಯಲ್ಲಿ, ಅಂದರೆ ಅಂಡಾಶಯದಲ್ಲಿ, ಸಿಸ್ಟ್ ಎಂಬ ಗಂಟು. ಮೂಸಂಬಿಯಷ್ಟು ದೊಡ್ಡದು.

ಇಂಥದ್ದೆಲ್ಲ ಹೆಂಗಸರ ಕಾಯಿಲೆ ಎಂದುಕೊಂಡಿದ್ದೆ. ಇನ್ನೂ ಫ್ರಾಕ್ ಹಾಕುವ ಹುಡುಗಿಗೆ ಇದು ಎಲ್ಲಿಂದ ಬಂತು? ಅಲ್ಲಿನ ಡಾಕ್ಟರಮ್ಮ ತಲೆಯೆತ್ತಿ, "ಮಗಳು ದೊಡ್ಡವಳಾಗಿದ್ದಾಳಾ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು, ಹೇಳಲು ಸಂಕೋಚವಾಯಿತು. ಟೇಬಲ್ಲಿನ ಮೇಲೆ ಮಲಗಿದ್ದ ಸುಮಾನೇ "ಇಲ್ಲ ಮೇಡಂ" ಅಂದಳು.

"ಇವಳ ತಾಯಿ ಎಲ್ಲಿ?"

ಹೇಳಿದೆ. ಅವರು ನಿಧಾನವಾಗಿ ವಿವರಿಸಿದರು. ಇದು ಹುಟ್ಟಿನಿಂದಲೇ ಇದ್ದು ಬೆಳೆಯುವ ಬಗೆಯ ಗಂಟು ಇರಬಹುದು, ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಆದರೆ ಅದರ ಭಾರಕ್ಕೆ ಓವರಿ ತಿರುಚಿಕೊಳ್ಳುತ್ತಿದೆ ಎಂಬ ಅನುಮಾನ. ಬೆಳಿಗ್ಗೆಯೇ ಆಪರೇಷನ್ ಆಗಬೇಕು. ಹಳೆಯ ರೀತಿಯಲ್ಲಾದರೆ ಕಿಬ್ಬೊಟ್ಟೆಯನ್ನು ಕುಯ್ದು ತೆರೆಯಬೇಕು. ಹೊಲಿಗೆ, ನೋವು, ವಾರಗಟ್ಟಲೆ ವಿಶ್ರಾಂತಿ. ಅವರಲ್ಲಿಗೆ ಈಚೆಗಷ್ಟೇ ಲ್ಯಾಪ್ರೋಸ್ಕೋಪಿ ಬಂದಿತ್ತು. ಹೊಕ್ಕುಳಿನ ಹತ್ತಿರ ಒಂದು, ಕೆಳಗೆ ಎರಡು ಸಣ್ಣ ತೂತು. ಕ್ಯಾಮೆರಾ ಬಿಟ್ಟು ಟಿವಿಯಲ್ಲಿ ನೋಡಿಕೊಂಡು ಮಾಡುವುದು. "ಮಕ್ಕಳು ಬೇಗ ಓಡಾಡ್ತಾರೆ. ಆದ್ರೆ ಒಳಗೆ ಹೇಗಿದೆಯೋ ನೋಡ್ದೆ ಮಾತು ಕೊಡಲ್ಲ. ಬೇಕಾದ್ರೆ ಓಪನ್ ಮಾಡ್ತೀನಿ" ಅಂದರು. ಸುಮಾ ಹೆದರಿದ್ದನ್ನು ನೋಡಿ ಪೆನ್ನು ತೆಗೆದು ಅವಳ ಹೊಟ್ಟೆಯ ಮೇಲೆ ಮೂರು ಚುಕ್ಕಿ ಇಟ್ಟರು. ಅವಳು ಅದನ್ನೇ ನೋಡುತ್ತಾ ಕೂತಳು. "ಓಪನ್" ಎಂಬ ಮಾತು ಅವಳ ಮನಸ್ಸಿನಲ್ಲಿ ಉಳಿಯಲೇ ಇಲ್ಲ ಅಂತ ಕಾಣುತ್ತದೆ.

ಎಸ್‌ಟಿಡಿ ಬೂತಿನಿಂದ ಕುಂಸಿಗೆ, ಅತ್ತೆಯ ಪಕ್ಕದ ಮನೆಗೆ ಫೋನ್ ಮಾಡಿದೆ. ಅತ್ತೆ ಬಂದು ಎಲ್ಲ ಕೇಳಿಸಿಕೊಂಡು, "ಗಿರಿಜಂಗೆ ಹೇಳೋದು ಬೇಡ ಕಣ್ರೀ. ಹಸಿ ಬಾಣಂತಿ. ಎದೆ ಒಡ್ಕೊಂಡ್ರೆ ಮಗೂಗೆ ಹಾಲಿಲ್ದಂಗಾಗುತ್ತೆ" ಅಂದರು. ವಾದ ಮಾಡುವ ಶಕ್ತಿ ನನಗಿರಲಿಲ್ಲ. ಹೂಂ ಅಂದೆ.

ಹೆಂಗಸರ ವಾರ್ಡಿನಲ್ಲಿ ಗಂಡಸರು ಉಳಿಯುವಂತಿರಲಿಲ್ಲ. ಸೆಲ್ವಿ ಸ್ವಂತ ಮಕ್ಕಳನ್ನು ಗಂಡನಿಗೆ ಬಿಟ್ಟು ಬಸ್ಸು ಹಿಡಿದು ಬಂದರು. "ನೀವ್ ಹೊರ್ಗೆ ಕೂತ್ಕೊಳ್ಳಿ ಅಣ್ಣಾ. ಸುಮಾ ಪಾಪ ಹತ್ರ ನಾನಿರ್ತೀನಿ."

ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಬೆಂಚಿನ ಮೇಲೆ ಕೂತೆ. ಅಷ್ಟು ಬೇಗ ಬಾಗಿಲು ತೆರೆಯುತ್ತದೆ ಎಂದುಕೊಂಡಿರಲಿಲ್ಲ. ಡಾಕ್ಟರಮ್ಮ ಮಾಸ್ಕ್ ಕೆಳಗಿಳಿಸಿಕೊಂಡು ಹೊರಗೆ ಬಂದರು.

"ತಿರುಚಿಕೊಂಡಿತ್ತು. ಬಿಡಿಸಿದೀನಿ. ಆದ್ರೆ ಓವರಿ ಕಪ್ಪಾಗಿದೆ. ಗಂಟಿನ ಜೊತೆ ಇಡೀ ಓವರಿನೇ ತೆಗೆಯೋದಾದ್ರೆ ತೂತಿನಲ್ಲೇ ಮುಗಿಸ್ಬಹುದು. ಎಡಗಡೇದು ಚೆನ್ನಾಗಿದೆ, ಒಂದರಲ್ಲೂ ಮುಂದೆ ಮಕ್ಕಳಾಗುತ್ತೆ. ಉಳಿಸ್ಬೇಕು ಅಂದ್ರೆ ಗಂಟನ್ನ ಸಿಪ್ಪೆ ಸುಲಿದ ಹಾಗೆ ಬಿಡಿಸ್ಬೇಕು, ಒಳಗಿನದು ಹೊಟ್ಟೆಗೆ ಚೆಲ್ಲಬಾರದು. ಆ ಕೆಲಸಕ್ಕೆ ನನಗೆ ಕೈಯೇ ಬೇಕು. ಹೊಟ್ಟೆ ತೆರೀಬೇಕಾಗುತ್ತೆ."

"ತೆರೆದ್ರೆ ಉಳಿಯುತ್ತಾ ಮೇಡಂ?"

"ಗ್ಯಾರಂಟಿ ಇಲ್ಲ. ಬಣ್ಣ ಸ್ವಲ್ಪ ತಿರುಗ್ತಾ ಇದೆ, ಅಷ್ಟೇ. ಬೇಗ ಹೇಳಿ."

ಪಕ್ಕದಲ್ಲಿ ಕೇಳಲು ಗಿರಿಜಾ ಇಲ್ಲ. ಹೆಣ್ಣಿನ ಮೈಯ ವಿಷಯ, ಇದನ್ನು ತೀರ್ಮಾನಿಸಲು ನಾನ್ಯಾರು ಎಂದು ಒಂದು ಕ್ಷಣ ಅನಿಸಿತು. ಚಿಕ್ಕ ಗಾಯ, ಬೇಗ ಮನೆ, ಕಡಿಮೆ ನೋವು ಒಂದು ಕಡೆ. ಇನ್ನೊಂದು ಕಡೆ ದೊಡ್ಡ ಗಾಯ, ಅದರ ಕೊನೆಯಲ್ಲಿ ಒಂದು "ಇರಬಹುದು". ಸೆಲ್ವಿಯ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು. ಮುಂದೆ ಸುಮಾ ದೊಡ್ಡವಳಾಗಿ, ತೆಗೆದದ್ದು ಯಾಕೆ ಎಂದು ಕೇಳಿದರೆ ನನ್ನ ಹತ್ತಿರ ಹೇಳಲು ಏನಿರುತ್ತದೆ ಅಂತ ಯೋಚಿಸಿದೆ.

"ಉಳಿಸೋಕೆ ನೋಡಿ ಮೇಡಂ."

ಎಚ್ಚರವಾದಾಗ ಸುಮಾ ಮೊದಲು ಹುಡುಕಿದ್ದು ಆ ಚುಕ್ಕಿಗಳನ್ನು. ಕೈಗೆ ಸಿಕ್ಕಿದ್ದು ಅಡ್ಡಕ್ಕೆ ಹಚ್ಚಿದ್ದ ದಪ್ಪ ಬ್ಯಾಂಡೇಜು. ಅವಳು ಅಳಲಿಲ್ಲ. ನನ್ನ ಕಡೆಯಿಂದ ಮುಖ ತಿರುಗಿಸಿದಳು.

ಕೆಮ್ಮಿದರೆ ನೋವು, ಮಗ್ಗುಲಾದರೆ ನೋವು. ಸೆಲ್ವಿ ಅವಳ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿಸುತ್ತಿದ್ದರು. ಪಕ್ಕದ ಮಂಚದಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ ಕಾಲೇಜು ಹುಡುಗಿಯೊಬ್ಬಳಿದ್ದಳು. ಮರುದಿನವೇ ಎದ್ದು ವರಾಂಡದಲ್ಲಿ ನಡೆದಾಡಿದಳು, ಇಡ್ಲಿ ತಿಂದಳು, ಸುಮಾ ನೋಡನೋಡುತ್ತಲೇ ಮನೆಗೂ ಹೋದಳು. ಆಗ ಮಾತ್ರ ಸುಮಾ ನನಗೆ ಹೇಳಿದಳು: "ನಂಗೂ ಹಂಗೇ ಮಾಡ್ತೀವಿ ಅಂದಿದ್ರು. ನೀನು ಬೇಡ ಅಂದ್ಯಂತೆ."

ಭೇಟಿಯ ಸಮಯ ಮುಗಿಯಿತೆಂದು ನರ್ಸ್ ನನ್ನನ್ನು ಹೊರಗೆ ಕಳಿಸಿದರು. ಕಳಿಸಿದ್ದೇ ಒಳ್ಳೆಯದಾಯಿತು ಅನಿಸಿತು. ಅಷ್ಟು ದಣಿದಿದ್ದೆ.

ಗಿರಿಜಾ ಬಂದದ್ದು ಆ ದಿನವೇ.

ಅಮ್ಮನೂ ಪಕ್ಕದ ಮನೆಯವರೂ ಫೋನಿನ ಸುತ್ತ ಪಿಸುಗುಡುವುದನ್ನು ನೋಡಿ ಗದರಿಸಿ ಕೇಳಿ ತಿಳಿದುಕೊಂಡಿದ್ದಳು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡು, ಮಗುವನ್ನು ಎದೆಗೆ ಅವುಚಿಕೊಂಡು ಆಟೋದಿಂದ ಇಳಿದಳು. ಹಿಂದೆ ಅತ್ತೆ, ಅಳುತ್ತಾ.

"ನಾನು ಬಾಣಂತಿ ಕಣ್ರೀ. ಸತ್ತಿಲ್ಲ," ಅಂದಳು ನನಗೆ. ಅಷ್ಟೇ. ಮಗುವನ್ನು ನನ್ನ ಕೈಗೆ ಹಾಕಿ ವಾರ್ಡಿನೊಳಗೆ ಹೋದಳು.

ಬಾಗಿಲ ಸಂದಿಯಿಂದ ಕಂಡಿತು. ಸುಮಾ ಆಪರೇಷನ್ ಆದ ಮೇಲೆ ಮೊದಲ ಸಲ ಅತ್ತಳು. ಹೊಟ್ಟೆ ಹಿಡಿದುಕೊಂಡು, ನೋವಾಗದಂತೆ, ಸಣ್ಣಗೆ. ಗಿರಿಜಾ ಅವಳ ಕೂದಲು ಸವರುತ್ತಾ ಏನೋ ಹೇಳುತ್ತಿದ್ದಳು. ಹೊರಗೆ ಬಂದ ಮೇಲೆ, ಡಾಕ್ಟರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಒಂದೂ ಬಿಡದೆ ತಿಳಿಸಿದೆ. ಅವಳು ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಳು.

"ನಾನಿದ್ರೂ ಅದನ್ನೇ ಹೇಳ್ತಿದ್ನೋ ಏನೋ ಗೊತ್ತಿಲ್ಲ. ಅವಳಿಗೆ ನೀವೇ ಬಿಡಿಸಿ ಹೇಳಿ. ನಾನು ಹೇಳಲ್ಲ."

ಹೇಳಿದೆ. ಆಗಲೇ ಅಲ್ಲ, ಮನೆಗೆ ಬಂದು, ಹೊಲಿಗೆ ಬಿಚ್ಚಿಸಿದ ಮೇಲೆ. ಗಂಟನ್ನು ಮಾತ್ರ ತೆಗೆದು ಓವರಿಯನ್ನು ಒಳಗೇ ಉಳಿಸಿದ್ದರು; ಗಂಟು ಕೆಟ್ಟದ್ದಲ್ಲ ಎಂದು ಬಯಾಪ್ಸಿ ರಿಪೋರ್ಟು ಬಂದಿತ್ತು. ಒಳಗೆ ಏನಿತ್ತು, ಏನು ಕಪ್ಪಾಗಿತ್ತು, ಯಾಕೆ ತೆರೆದರು ಎಂದು ನನಗೆ ತಿಳಿದಷ್ಟು ಹೇಳಿದೆ. ಕೇಳಿಸಿಕೊಂಡಳು. ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ. "ಗಾಯ ಕೆರೆಯುತ್ತೆ, ಕೊಬ್ಬರಿ ಎಣ್ಣೆ ಕೊಡು" ಅಂದಳು.

ಮೊನ್ನೆ ಮತ್ತೆ ಸ್ಕ್ಯಾನಿಂಗಿಗೆ ಹೋಗಿದ್ದೆವು. ಡಾಕ್ಟರಮ್ಮ ಪರದೆಯ ಮೇಲೆ ಬೂದು ಬಣ್ಣದ ಏನನ್ನೋ ತೋರಿಸಿದರು.

"ಇದೇ ಬಲಗಡೇದು. ಚಿಕ್ಕದಾಗಿದೆ, ಆದ್ರೆ ಇದೆ. ಹೇಗೆ ಕೆಲಸ ಮಾಡುತ್ತೋ ಇವಳು ಬೆಳೆದ ಮೇಲೇ ಗೊತ್ತಾಗೋದು."

ಸುಮಾ ಕತ್ತು ಚಾಚಿ ನೋಡಿದಳು. "ಇಷ್ಟೇನಾ?"

"ಇಷ್ಟೇ ಕಣೇ ಮಾರಾಯ್ತಿ. ಇಷ್ಟಕ್ಕೇ ಅಷ್ಟು ಒದ್ದಾಡಿದ್ದು," ಡಾಕ್ಟರಮ್ಮ ನಕ್ಕರು.

ಭದ್ರಾವತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು, ಈಚೆಗೆ ನಾನು. ಬಸ್ಸು ಊರು ದಾಟುವ ಮೊದಲೇ ನನ್ನ ಕಣ್ಣು ಮುಚ್ಚಿಕೊಂಡಿತು. ಎಷ್ಟೋ ದಿನಗಳಿಂದ ಕೂಡಿಟ್ಟಿದ್ದ ನಿದ್ದೆ. ನಡುವೆ ಯಾರೋ ಟಿಕೆಟ್ ಕೇಳಿದ ಹಾಗೆ, ಸುಮಾ "ಅಪ್ಪನ್ನ ಎಬ್ಬಿಸ್ಬೇಡಿ, ನನ್ ಹತ್ರ ಇದೆ" ಅಂದ ಹಾಗೆ ಕೇಳಿಸಿತು. ಕಣ್ಣು ಬಿಡಲಿಲ್ಲ. ಅವಳ ಹೆಗಲಿನ ಮೇಲೆ ನನ್ನ ತಲೆ ವಾಲಿತ್ತು, ಅವಳು ಸರಿದಿರಲಿಲ್ಲ.