ನಮ್ಮ ಹೊಲದ ರನ್‌ವೇ

ಗೆಳೆಯರೇ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟಕ್ಕೆಂದು ಹದಿನಾರು ಎಂಬ ಊರಿನ ನಮ್ಮ ಹೊಲದ ಉಪಗ್ರಹ ಚಿತ್ರದ ಮೇಲೆ ನಾನು ಎಳೆದ ರನ್‌ವೇಯನ್ನು ಇಂದು ದೊಡ್ಡಪ್ಪನಿಗೆ ತೋರಿಸಿದೆ. ನಾಲೆ, ಬೇವಿನ ಮರ, ಪಂಪ್‌ಸೆಟ್ ಮನೆ ಎಲ್ಲವೂ ಇದ್ದಲ್ಲೇ ಇವೆ ಎಂದು ಜಂಬ ಬೇರೆ ಕೊಚ್ಚಿಕೊಂಡೆ.

ಅವರು ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿದ್ದ ಕಣಗಿಲೆ ಗಿಡ ಎಲ್ಲೋ?"

ಉಪಗ್ರಹ ಚಿತ್ರದಲ್ಲಿದ್ದ ಆ ಹಸಿರು ಚುಕ್ಕೆಯನ್ನು ಕೊಳೆ ಎಂದುಕೊಂಡು ಅಳಿಸಿದ್ದೆ. ಅದು ಅವರ ಹೆಂಡತಿಯನ್ನು, ನನ್ನ ದೊಡ್ಡವ್ವನನ್ನು, ಮಣ್ಣು ಮಾಡಿದ ಜಾಗ. ಅಂದು ನಾನೂ ಹಿಡಿ ಮಣ್ಣು ಹಾಕಿದ್ದೆ.

"ಅವ್ಳು ಅಲ್ಲೇ ಮನಗವ್ಳೆ ಕಣ್ಲಾ. ನಿನ್ ಇಮಾನನ ಒಸಿ ಅತ್ಲಾಗೆ ಇಳಿಸ್ಕೊ," ಎಂದು ಎದ್ದು ಹೋದರು.

ಪರದೆಯಲ್ಲಿ ಗಿಡ ನೆಟ್ಟು, ರನ್‌ವೇಯನ್ನು ಅದರ ಈಚೆಗೇ ಮೊಟಕು ಮಾಡಿದೆ. ಈಗ ಉದ್ದ ಸಾಲದೆ, ಇಳಿಯುವ ವಿಮಾನಗಳೆಲ್ಲ ಪಕ್ಕಕ್ಕೆ ಹೊರಳಿ ನಾಲೆಗೆ ಬೀಳುತ್ತಿವೆ.

ಬೀಳಲಿ ಬಿಡಿ.